ಗಾಳಿಯಂತ್ರಕ್ಕೊಂದು ಕೋಡಿ

ಕೆರೆಗೆ ತೂಬು ಎಷ್ಟು ಅವಶ್ಯವೋ ಕೋಡಿಯೂ ಅಷ್ಟೇ ಅವಶ್ಯವೆಂಬುದನ್ನು ಹಾನಗಲ್ಲು-ಶಿಗ್ಗಾಂವಿ ಸೀಮೆಯ ಒಕ್ಕಲಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಕೋಡಿಯ ಅಗಲವನ್ನು ನಿರ್ಣಯಿಸುವುದು ಸರಾಸರಿ ಮಳೆಯಲ್ಲ, ಮಹಾಪೂರ. ತಡಸದಲ್ಲಿ ಆಷಾಢದ ಗಾಳಿಯನ್ನು ನೆಚ್ಚಿ ಸ್ವಹಸ್ತದಿಂದ ಗಾಳಿಯಂತ್ರವನ್ನು ಕಟ್ಟಹೊರಟವರಿಗೂ ಇದೇ ನ್ಯಾಯ ಅನ್ವಯಿಸುತ್ತದೆ.

ಗದಗ ಜಿಲ್ಲೆಯ ಕಪ್ಪತಗುಡ್ಡದ ದೊಡ್ಡ ಯಂತ್ರಗಳು ತಮ್ಮ ವಿದ್ಯುತ್ತನ್ನು ಸರಬರಾಜಿನ ಜಾಲಕ್ಕೆ ಒಪ್ಪಿಸುತ್ತವೆ. ಮನೆಯ ಯಂತ್ರಕ್ಕೆ ಇರುವುದು ಬ್ಯಾಟರಿಯೊಂದೇ. ಅದು ತುಂಬಿದ ಮೇಲೂ ವಿದ್ಯುತ್ತು ಹರಿದರೆ ಒಳಗಿನ ದ್ರವ ಕುದಿದು ಬ್ಯಾಟರಿ ಕೆಡುತ್ತದೆ. ಸೌರಫಲಕವಾದರೆ ತಂತಿಯನ್ನು ಬಿಡಿಸಿ ಸುಮ್ಮನಿರಬಹುದು. ಗಾಳಿಯಂತ್ರದಲ್ಲಿ ಹಾಗೆ ಮಾಡಲಾಗದು. ವಿದ್ಯುತ್ತಿನ ಹೊರೆಯೇ ಅದರ ಕಡಿವಾಣ. ಅದು ತಪ್ಪಿದೊಡನೆ ರೆಕ್ಕೆಗಳು ಹುಚ್ಚೆದ್ದು ತಿರುಗಿ ಮುರಿದು ಹಾರುವ ಸಂಭವವುಂಟು. ಆದುದರಿಂದಲೇ ಬ್ಯಾಟರಿ ತುಂಬಿದಾಗ ಅದರಿಂದ ಹೆಚ್ಚುವರಿ ವಿದ್ಯುತ್ತನ್ನು ಕಾಯುವ ಸುರುಳಿಯೊಂದಕ್ಕೆ ಹರಿಯಬಿಡುವುದು. ಇದೇ ಕೋಡಿ.

೨ ಮೀಟರು ವ್ಯಾಸದ ಚಕ್ರದ ಮೂಲಕ, ಸೆಕೆಂಡಿಗೆ ೧೧ ಮೀಟರು ವೇಗದ ಗಾಳಿಯಲ್ಲಿ, ಸುಮಾರು ೨೩೦೦ ವ್ಯಾಟು ಶಕ್ತಿ ಹಾಯುತ್ತದೆ. ಕಾಲುಭಾಗ ದಕ್ಕಿತೆಂದರೆ ೫೭೫ ವ್ಯಾಟು. ಗಾಳಿಯ ವೇಗ ಇಮ್ಮಡಿಸಿದರೆ ಶಕ್ತಿ ಎಂಟುಮಡಿಯಾಗುವುದರಿಂದ ಸರಾಸರಿಯನ್ನು ನಂಬಿದವರು ಕೆಟ್ಟರೆಂದೇ ತಿಳಿಯಬೇಕು. ಇನ್ನೂ ಬಿರುಸಾದಾಗ ಬಾಲ ಮಡಚಿ ಚಕ್ರವು ಗಾಳಿಗೆ ಓರೆಯಾಗುವ ಏರ್ಪಾಡೂ ಇರತಕ್ಕದ್ದು. ೨೪ ವೋಲ್ಟಿನ ಬ್ಯಾಟರಿ ತುಂಬುವ ಹೊತ್ತಿಗೆ ೨೮.೮ ವೋಲ್ಟಿಗೇರಿರುತ್ತದೆ, ಆಗ ಬರುವ ವಿದ್ಯುತ್ಪ್ರವಾಹ ೨೦ ಆಂಪಿಯರು. ಕೋಡಿಗೆ ೨೫ ಆದರೂ ಹಿಡಿಯಬೇಕು.

ಬಹುಮಂದಿ ಎಡವುವುದು ಇಲ್ಲಿಂದ ಮುಂದೆ. ಪೇಟೆಯಿಂದ ೧೦೦೦ ವ್ಯಾಟಿನ ಒಲೆಯ ಸುರುಳಿಯನ್ನು ತಂದು, ಸಾಕಷ್ಟಾಯಿತೆಂದು ಸಮಾಧಾನಪಡುವರು. ಆ ಸಾವಿರವು ೨೩೦ ವೋಲ್ಟಿನ ಮಾತು. ಸುಮಾರು ೫೩ ಓಮು ರೋಧವುಳ್ಳ ಆ ಸುರುಳಿ ೨೮.೮ ವೋಲ್ಟಿನಲ್ಲಿ ೧೬ ವ್ಯಾಟನ್ನೂ ನುಂಗದು! ಹೆಸರಿಗೆ ಕೋಡಿ, ನೀರು ಹೋಗುವುದು ಸೂಜಿಯ ಕಣ್ಣಿನಷ್ಟು.

ಹಾಗೆಂದು ಅದನ್ನು ಎಸೆಯಬೇಕಾಗಿಲ್ಲ. ೭ ಸಮಭಾಗಗಳಾಗಿ ಕತ್ತರಿಸಿ, ಏಳನ್ನೂ ಸಮಾಂತರವಾಗಿ ಜೋಡಿಸಿದರೆ ರೋಧವು ೪೯ರಲ್ಲೊಂದು ಪಾಲಿಗಿಳಿದು ಸುಮಾರು ೧.೦೮ ಓಮು ಆಗುತ್ತದೆ. ಆಗ ೨೬ ಆಂಪಿಯರಿಗೂ ಮೀರಿ ಹರಿದು ಸುಮಾರು ೭೭೦ ವ್ಯಾಟು ಶಾಖವಾಗುವುದು. ಒಂದೊಂದು ತುಂಡಿನ ಪಾಲಿಗೆ ಬರುವುದು ೪ ಆಂಪಿಯರಿಗಿಂತ ಕಡಿಮೆ. ಮೂಲ ಸುರುಳಿ ೪.೩ ಆಂಪಿಯರನ್ನು ತಾಳತಕ್ಕದ್ದು.

ತುಂಬುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಜಲಜನಕ ಹೊರಡುವುದರಿಂದ ಕೆಂಪಗೆ ಕಾಯ್ದ ಸುರುಳಿಯನ್ನು ಅದರ ಬಳಿ ಇಡಕೂಡದು, ಹುಲ್ಲಿನ ಬಣವೆಯ ಬಳಿಯಂತೂ ಸರ್ವಥಾ ಕೂಡದು. ನಡುರಾತ್ರಿ ಏಳರಲ್ಲೊಂದು ತುಂಡು ಕಡಿದುಹೋದರೂ ಉಳಿದ ಆರು ೨೨ ಆಂಪಿಯರಿಗೆ ಮೀರಿ ಹರಿಸುತ್ತವೆ. ಯಂತ್ರ ಕೊಡುವುದು ೨೦.