ಕಾರು ವಾಪಸಾತಿಯ ಕರೆ ತಾಲ್ಲೂಕಿಗೆ ಕೇಳಿಸುತ್ತಿದೆಯೇ?

ಕೊಬ್ಬರಿಗೆ ಒಳ್ಳೆಯ ಬೆಲೆ ಬಂದ ವರ್ಷ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಅದು ಹೊಸ ಮನೆಯಾಗಿಯೋ ಮಗಳ ಮದುವೆಯಾಗಿಯೋ ಕಾಣಿಸಿಕೊಳ್ಳುತ್ತಿತ್ತು. ಈಗ ಅಂಗಳದಲ್ಲಿ ನಿಂತ ಕಾರಾಗಿಯೂ ಕಾಣಿಸುತ್ತದೆ. 2023ರಲ್ಲಿ ಬೆಂಬಲ ಬೆಲೆಗಿಂತ ಕೆಳಗಿಳಿದು ಬೆಳೆಗಾರರನ್ನು ಬೀದಿಗಿಳಿಸಿದ್ದ ಉಂಡೆ ಕೊಬ್ಬರಿ, 2025ರಲ್ಲಿ ದಾಖಲೆಯ ಬೆಲೆ ಕಂಡಿತು. ಆ ಹಣದಲ್ಲಿ ಊರಿಗೆ ಬಂದ ವಾಹನಗಳಲ್ಲಿ ಹೈಬ್ರಿಡ್ ಕಾರುಗಳೂ ಇವೆ. ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರನ್ನೂ ಹೊಂದಿರುವ ಇವುಗಳಿಗೆ ಚಾರ್ಜಿಂಗ್ ಕೇಂದ್ರದ ಹಂಗಿಲ್ಲ. ಲೀಟರಿಗೆ ಹೆಚ್ಚು ದೂರ ಓಡುತ್ತವೆ. ತೋಟದಿಂದ ಮಂಡಿಗೆ, ಮಂಡಿಯಿಂದ ಬೆಂಗಳೂರಿಗೆ ಓಡಾಡುವವರಿಗೆ ಇದಕ್ಕಿಂತ ಹಿತವಾದ ಲೆಕ್ಕ ಬೇರೆ ಇಲ್ಲ.

ಈ ಕಾರುಗಳು ನಮಗೆ ದೂರದವೂ ಅಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗುತ್ತ ಬಂತು. 2022ರಲ್ಲಿ ಅಲ್ಲಿಂದ ಹೈರೈಡರ್ ಮತ್ತು ಮಾರುತಿ ಸುಜುಕಿಯ ಗ್ರ್ಯಾಂಡ್ ವಿಟಾರಾ ಹೊರಬಂದವು. ಇನ್ನೋವಾ ಹೈಕ್ರಾಸ್ ಅದರ ಬೆನ್ನಿಗೇ ಬಂತು. ಹೋಂಡಾ ಕೂಡ ಅದೇ ವರ್ಷ ಸಿಟಿ ಕಾರಿನ ಹೈಬ್ರಿಡ್ ರೂಪವನ್ನು ಭಾರತದ ಮಾರುಕಟ್ಟೆಗೆ ತಂದಿತು. ಇವುಗಳಲ್ಲಿ ಹಲವು ಬೆಂಗಳೂರಿನ ಮೊದಲ ಒಡೆಯನ ಕೈಯಿಂದ ಸೆಕೆಂಡ್ ಹ್ಯಾಂಡ್ ಆಗಿ ತಾಲ್ಲೂಕು ಸೇರುತ್ತವೆ. ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಕಾರು ಕೈ ಬದಲಿಸಿದಾಗ ಅದರ ದೋಷದ ಕುರಿತ ಎಚ್ಚರಿಕೆಯೂ ಅದರ ಜೊತೆಗೆ ಬರುತ್ತದೆಯೇ?

ಹೈಬ್ರಿಡ್ ಕಾರಿನಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿರಲು ಕಾರಣ ಅದರ ಬ್ರೇಕು. ಸಾಧಾರಣ ಪೆಟ್ರೋಲ್ ಕಾರಿನಲ್ಲಿ ನಮ್ಮ ಪಾದದ ಒತ್ತಡವನ್ನು ಹಿಗ್ಗಿಸಲು ಎಂಜಿನ್ನಿನ ನಿರ್ವಾತವೇ ಸಾಕು. ಹೈಬ್ರಿಡ್‌ನಲ್ಲಿ ಎಂಜಿನ್ ಆಗಾಗ ತಾನೇ ನಿಂತುಹೋಗುವುದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಹೀಗಾಗಿ ಅನೇಕ ಮಾದರಿಗಳಲ್ಲಿ ವಿದ್ಯುತ್ ಪಂಪೊಂದು ಬ್ರೇಕ್ ಆಯಿಲನ್ನು ಒತ್ತಡದಲ್ಲಿ ಶೇಖರಿಸಿಡುತ್ತದೆ. ಬ್ರೇಕ್ ಒತ್ತಿದಾಗ ಮೋಟಾರು ಜನರೇಟರಿನಂತೆ ತಿರುಗಿ ವೇಗವನ್ನು ವಿದ್ಯುತ್ತಾಗಿಸಿ ಬ್ಯಾಟರಿಗೆ ತುಂಬುತ್ತದೆ. ಉಳಿದ ಕೆಲಸವನ್ನು ಚಕ್ರದ ಬ್ರೇಕುಗಳು ಮಾಡುತ್ತವೆ. ಯಾವುದು ಎಷ್ಟು ಎಂಬುದನ್ನು ಕ್ಷಣಕ್ಷಣಕ್ಕೂ ತೀರ್ಮಾನಿಸುವುದು ಕಂಪ್ಯೂಟರು. ಪಂಪು, ಶೇಖರಣೆಯ ಪಾತ್ರೆ, ಸಂವೇದಕ, ತಂತ್ರಾಂಶ ಇವುಗಳಲ್ಲಿ ಯಾವುದೇ ಒಂದು ಸೋತರೂ ಬ್ರೇಕಿನ ಸ್ವಭಾವ ಬದಲಾಗುತ್ತದೆ. ತಯಾರಕರು ಪರ್ಯಾಯ ವ್ಯವಸ್ಥೆ ಇಟ್ಟಿರುತ್ತಾರೆ ಎಂಬುದು ನಿಜ. ಆದರೆ ಆಗ ಪೆಡಲನ್ನು ಬಹಳ ಬಲವಾಗಿ ತುಳಿಯಬೇಕಾಗುತ್ತದೆ, ಕಾರು ನಿಲ್ಲುವ ದೂರವೂ ಹೆಚ್ಚುತ್ತದೆ.

ಇದು ಕೇವಲ ಊಹೆಯ ಭಯವಲ್ಲ. ಗುಂಡಿಬಿದ್ದ ಅಥವಾ ಜಾರುವ ರಸ್ತೆಯಲ್ಲಿ ಕ್ಷಣಕಾಲ ಬ್ರೇಕ್ ಹಿಡಿಯದಂತಾಗುತ್ತದೆ ಎಂಬ ದೂರುಗಳ ನಂತರ, 2010ರ ಫೆಬ್ರುವರಿಯಲ್ಲಿ ಟೊಯೊಟಾ ಜಗತ್ತಿನಾದ್ಯಂತ ಪ್ರಿಯಸ್ ಸೇರಿದಂತೆ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ವಾಪಸ್ ಕರೆಸಿತು. ಮದ್ದು ಇದ್ದದ್ದು ತಂತ್ರಾಂಶದ ಬದಲಾವಣೆಯಲ್ಲಿ. 2013ರಲ್ಲಿ ಮತ್ತೆ ಸುಮಾರು 2.42 ಲಕ್ಷ ಪ್ರಿಯಸ್ ಮತ್ತು ಲೆಕ್ಸಸ್ ಕಾರುಗಳಿಗೆ ಕರೆ ಹೋಯಿತು. ಈ ಬಾರಿ ದೋಷವಿದ್ದದ್ದು ಒತ್ತಡ ಶೇಖರಿಸುವ ಭಾಗದಲ್ಲಿ. ಅದು ಬಿರುಕುಬಿಟ್ಟರೆ ಅನಿಲ ಬ್ರೇಕ್ ಆಯಿಲಿಗೆ ಸೇರಿ ಪೆಡಲ್ ಆಳಕ್ಕೆ ಇಳಿಯುವ ಸಾಧ್ಯತೆ ಇತ್ತು. ದೋಷವಿಲ್ಲದ ಯಂತ್ರವನ್ನು ಯಾರೂ ತಯಾರಿಸಿಲ್ಲ. ದೋಷ ಗೊತ್ತಾದ ಮೇಲೆ ಅದು ಬಳಕೆದಾರನಿಗೆ ತಲುಪುವ ದಾರಿ ಹೇಗಿದೆ ಎಂಬುದು ಮುಖ್ಯ.

ಆ ದಾರಿ ನಮ್ಮಲ್ಲಿ ಹೇಗಿದೆ ಎಂಬುದನ್ನು ನಾನು ಹತ್ತಿರದಿಂದ ಕಂಡೆ. ತುರುವೇಕೆರೆ ತಾಲ್ಲೂಕಿನಲ್ಲಿ ತೆಂಗು ಬೆಳೆಯುವ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರೊಂದನ್ನು ತಂದಿದ್ದ. ಒಂದು ಸಂಜೆ ತಿಪಟೂರಿಗೆ ಹೋಗುವಾಗ, ರಸ್ತೆ ಉಬ್ಬು ಹತ್ತಿರವಾಗುತ್ತಿದ್ದಂತೆ ಕೆಂಪು ದೀಪ ಹೊತ್ತಿಕೊಂಡಿತು, ಪೆಡಲ್ ಕಲ್ಲಿನಂತಾಯಿತು. ಮುಂದೆ ಮಟ್ಟೆ ತುಂಬಿದ ಟ್ರ್ಯಾಕ್ಟರ್ ಇತ್ತು. ಅವನು ಎರಡೂ ಕಾಲಿನಿಂದ ತುಳಿದು, ಪಾರ್ಕಿಂಗ್ ಬ್ರೇಕ್ ಎಳೆದು ಹೇಗೋ ನಿಲ್ಲಿಸಿದ. ಊರಿನ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, ‘ಸಾರ್, ಇದಕ್ಕೆ ನಾನು ಕೈ ಹಾಕಲ್ಲ. ಕಂಪ್ಯೂಟರ್ ಇಲ್ಲದೆ ಇದರ ಏರ್ ತೆಗೆಯೋಕೂ ಆಗಲ್ಲ’ ಎಂದ. ಅದು ಪ್ರಾಮಾಣಿಕ ಮಾತು.

ಕಾರನ್ನು ಲಾರಿಯ ಮೇಲೆ ಹೇರಿ ಬೆಂಗಳೂರಿಗೆ ಒಯ್ದಾಗ ಸೇವಾ ಕೇಂದ್ರದವರು ಹೇಳಿದ ಸಂಗತಿ ಬ್ರೇಕಿಗಿಂತ ಹೆಚ್ಚು ದಿಗಿಲು ಹುಟ್ಟಿಸಿತು. ಆ ಭಾಗವನ್ನು ಉಚಿತವಾಗಿ ಬದಲಿಸಿಕೊಡುವ ಅವಧಿಯೊಂದು ಇತ್ತಂತೆ, ಅದು ಮುಗಿದಿತ್ತಂತೆ. ಪತ್ರ ಹೋಗಿದ್ದು ಮೊದಲ ಒಡೆಯನ ಬೆಂಗಳೂರಿನ ವಿಳಾಸಕ್ಕೆ. ನೋಂದಣಿ ಪತ್ರದಲ್ಲಿ ಇವನ ಹೆಸರು ಬಂದು ಕಾಲವಾಗಿತ್ತು. ಆದರೆ ಕಂಪನಿಯ ಕಡತದಲ್ಲಿ ಬಂದಿರಲಿಲ್ಲ. ರಿಪೇರಿಯ ಅಂದಾಜು ಲಕ್ಷ ರೂಪಾಯಿ ದಾಟಿತ್ತು. ‘ಎಂಟು ವರ್ಷದ ವಾರಂಟಿ ಅಂದಿದ್ದರಲ್ಲ ಮಾವ’ ಎಂದು ಅವನು ನನ್ನನ್ನು ಕೇಳಿದ. ಹೈಬ್ರಿಡ್ ಕಾರುಗಳ ಮಾರಾಟದಲ್ಲಿ ದೊಡ್ಡ ಅಕ್ಷರದಲ್ಲಿ ಕಾಣುವ ಎಂಟು ವರ್ಷ ಅಥವಾ 1,60,000 ಕಿ.ಮೀ. ಎಂಬ ಭರವಸೆ ಬ್ಯಾಟರಿಗೆ ಸಂಬಂಧಿಸಿದ್ದು, ಬ್ರೇಕಿಗಲ್ಲ. ಈ ವ್ಯತ್ಯಾಸವನ್ನು ಕೊಳ್ಳುವಾಗ ಬಿಡಿಸಿ ಹೇಳುವವರು ವಿರಳ.

ಹಾಗೆಂದು ದೇಶದಲ್ಲಿ ಕಾನೂನಿಲ್ಲವೆಂದಲ್ಲ. ವಾಹನ ತಯಾರಕರ ಒಕ್ಕೂಟ ಎಸ್‌ಐಎಎಂ 2012ರಲ್ಲಿ ಸ್ವಯಂಪ್ರೇರಿತ ವಾಪಸಾತಿಯ ನೀತಿಯನ್ನು ರೂಪಿಸಿತು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ಅದರ ಪ್ರಕಾರ ಪರಿಸರಕ್ಕಾಗಲಿ, ಚಾಲಕ, ಪ್ರಯಾಣಿಕ ಅಥವಾ ರಸ್ತೆಯ ಇತರ ಬಳಕೆದಾರರಿಗಾಗಲಿ ಅಪಾಯ ತರುವ ದೋಷವಿದ್ದರೆ ಕೇಂದ್ರ ಸರ್ಕಾರ ವಾಹನಗಳನ್ನು ವಾಪಸ್ ಕರೆಸುವಂತೆ ಆದೇಶಿಸಬಹುದು. ತಯಾರಕರು ಹಣ ಹಿಂದಿರುಗಿಸಬೇಕು, ಇಲ್ಲವೇ ಬೇರೆ ವಾಹನ ಕೊಡಬೇಕು ಅಥವಾ ಸರಿಪಡಿಸಿಕೊಡಬೇಕು. ಇದಕ್ಕೆ ಪೂರಕವಾದ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಕಡ್ಡಾಯ ವಾಪಸಾತಿಯ ಆದೇಶಕ್ಕೆ 10 ಲಕ್ಷ ರೂಪಾಯಿಯಿಂದ ಒಂದು ಕೋಟಿವರೆಗೆ ದಂಡವೂ ಉಂಟು. ಕಂಪನಿಗಳು ತಾವಾಗಿ ಕರೆಸುವ ಪರಿಪಾಠವೂ ಬೆಳೆದಿದೆ. ಹಿಂಬದಿ ಬ್ರೇಕಿನ ಪಿನ್ನಿನ ದೋಷದ ಶಂಕೆಯಿಂದ 2022ರಲ್ಲಿ ಮಾರುತಿ 9,925 ಕಾರುಗಳನ್ನು ಕರೆಸಿತು. 2025ರಲ್ಲಿ ಇಂಧನ ಸೂಚಕದ ಕಾರಣಕ್ಕೆ 39,506 ಗ್ರ್ಯಾಂಡ್ ವಿಟಾರಾಗಳನ್ನು ಕರೆಸಿತು.

ಆದರೆ ಈ ಕಾನೂನನ್ನು ತೆಂಗಿನ ಸೀಮೆಯಲ್ಲಿ ನಿಂತು ನೋಡಿದಾಗ ಮೂರು ಬಿರುಕುಗಳು ಕಾಣುತ್ತವೆ. ಮೊದಲನೆಯದು ವಿಳಾಸ. ಕಾರು ನಾಲ್ಕಾರು ವರ್ಷಗಳಲ್ಲಿ ಕೈ ಬದಲಿಸುತ್ತದೆ. ತಿಪಟೂರು ಸಾರಿಗೆ ಕಚೇರಿಯಲ್ಲಿ ಒಡೆತನ ವರ್ಗಾವಣೆಯಾದ ಕೂಡಲೇ ಕಂಪನಿಯ ಪಟ್ಟಿಯೂ ತಿದ್ದಿಕೊಳ್ಳುತ್ತದೆ ಎಂಬ ಖಾತರಿ ಇಲ್ಲ. ಎರಡನೆಯದು ವಯಸ್ಸು. ಕಡ್ಡಾಯ ವಾಪಸಾತಿ ಅನ್ವಯಿಸುವುದು ಏಳು ವರ್ಷದೊಳಗಿನ ವಾಹನಗಳಿಗೆ. ನಗರದಲ್ಲಿ ಸವೆದ ಕಾರು ತಾಲ್ಲೂಕಿಗೆ ಬರುವ ಹೊತ್ತಿಗೆ ಕಾನೂನಿನ ನೆರಳು ಅದರಿಂದ ಸರಿಯತೊಡಗಿರುತ್ತದೆ. ಮೂರನೆಯದು ಲೆಕ್ಕ. ವಾರ್ಷಿಕ ಮಾರಾಟಕ್ಕೆ ಅನುಗುಣವಾಗಿ ಇಂತಿಷ್ಟು ದೂರುಗಳು ದಾಖಲಾದಾಗ ಸರ್ಕಾರದ ಯಂತ್ರ ಚಲಿಸುತ್ತದೆ. ದೂರು ನೀಡುವ ತಾಣವೊಂದಿದೆ ಎಂಬುದೇ ತಿಳಿಯದ ಊರುಗಳ ಸಂಕಟ ಈ ಲೆಕ್ಕಕ್ಕೆ ಸೇರುವುದೇ ಇಲ್ಲ.

ಇದರ ಮೇಲೆ ಇನ್ನೊಂದು ಸೂಕ್ಷ್ಮವಿದೆ. ಕೆಲವು ಸಂದರ್ಭಗಳಲ್ಲಿ ಕಂಪನಿಗಳು ವಾಪಸಾತಿ ಘೋಷಿಸುವ ಬದಲು ಆಯಾ ಭಾಗಕ್ಕೆ ವಾರಂಟಿ ವಿಸ್ತರಿಸುತ್ತವೆ. ಅಮೆರಿಕದಲ್ಲಿ ಕೆಲವು ಹೈಬ್ರಿಡ್‌ಗಳ ಬ್ರೇಕ್ ಬೂಸ್ಟರ್ ವಿಷಯದಲ್ಲಿ ಟೊಯೊಟಾ ಹೀಗೆ ಮಾಡಿದೆ. ಎರಡೂ ಉಚಿತವೇ ಅಲ್ಲವೇ ಎನಿಸಬಹುದು. ವಾಪಸಾತಿಯಲ್ಲಿ ಭಾಗ ಕೆಡುವ ಮೊದಲೇ ಬದಲಾಗುತ್ತದೆ. ವಿಸ್ತರಿಸಿದ ವಾರಂಟಿಯಲ್ಲಿ ಸಾಮಾನ್ಯವಾಗಿ ಕೆಟ್ಟ ಮೇಲೆ, ಅದೂ ಅವಧಿಯೊಳಗೆ ಕೆಟ್ಟರೆ ಮಾತ್ರ. ಕೆಡುವುದು ಬ್ರೇಕಾದಾಗ ಈ ವ್ಯತ್ಯಾಸ ಪ್ರಾಣದ ವ್ಯತ್ಯಾಸವಾಗಬಲ್ಲದು.

ಬೇರೆ ದೇಶಗಳು ಈ ಬಿರುಕುಗಳನ್ನು ಮುಚ್ಚಲು ಯತ್ನಿಸಿವೆ. ಅಮೆರಿಕದಲ್ಲಿ ಸರ್ಕಾರಿ ನೋಂದಣಿ ದಾಖಲೆಯ ಆಧಾರದ ಮೇಲೆ ಈಗಿನ ಒಡೆಯನಿಗೆ ಪತ್ರ ಹೋಗಬೇಕು. ಉಚಿತ ದುರಸ್ತಿಯ ಹೊಣೆ 15 ವರ್ಷದವರೆಗೆ ಇರುತ್ತದೆ. ಬ್ರಿಟನ್ನಿನಲ್ಲಿ ವಾಹನದ ತಪಾಸಣೆಯ ಇತಿಹಾಸ ನೋಡುವಾಗಲೇ ಬಾಕಿ ಉಳಿದ ವಾಪಸಾತಿ ತಿಳಿಯುತ್ತದೆ. ಅಪಾಯಕಾರಿ ಟಕಾಟಾ ಏರ್‌ಬ್ಯಾಗ್‌ಗಳನ್ನು ಬದಲಿಸದ ಕಾರುಗಳಿಗೆ ಜಪಾನ್ 2018ರಿಂದ ತಪಾಸಣೆಯ ಅನುಮತಿಯನ್ನೇ ತಡೆಹಿಡಿಯಿತು.

ನಮ್ಮಲ್ಲಿ ಇದಕ್ಕೆ ಬೇಕಾದ ಸಲಕರಣೆ ಈಗಾಗಲೇ ಇದೆ. ವಾಹನ್ ದತ್ತಾಂಶದಲ್ಲಿ ಪ್ರತಿ ಕಾರಿನ ಚಾಸಿ ಸಂಖ್ಯೆಯೂ ಈಗಿನ ಒಡೆಯನ ವಿವರವೂ ಉಂಟು. ವಾಪಸಾತಿ ಪ್ರಕಟವಾದ ದಿನವೇ ಆ ಸಂಖ್ಯೆಗೆ ಗುರುತು ಬೀಳಲಿ. ಒಡೆಯನ ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಹೋಗಲಿ. ಒಡೆತನ ವರ್ಗಾವಣೆ, ವಿಮೆ ನವೀಕರಣ, ಹೊಗೆ ತಪಾಸಣೆಯ ಸಂದರ್ಭದಲ್ಲಿ ಬಾಕಿ ಇರುವ ದೋಷ ಕಣ್ಣಿಗೆ ಬೀಳಲಿ. ಬ್ರೇಕ್, ಸ್ಟಿಯರಿಂಗ್, ಏರ್‌ಬ್ಯಾಗ್‌ಗಳಂಥ ಪ್ರಾಣಕ್ಕೆ ಸಂಬಂಧಿಸಿದ ಭಾಗಗಳಿಗಾದರೂ ಏಳು ವರ್ಷದ ಮಿತಿ ಸಡಿಲಲಿ. ವಿಸ್ತರಿತ ವಾರಂಟಿಗಳೂ ಸಾರ್ವಜನಿಕ ಪಟ್ಟಿಯಲ್ಲಿ ಇರಲಿ.

ಅಲ್ಲಿಯವರೆಗೆ ಕಾರು ಉಳ್ಳವರು ಮಾಡಬಹುದಾದ್ದು ಕೆಲವುಂಟು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ಮುನ್ನ ನೋಂದಣಿ ಪತ್ರದಲ್ಲಿರುವ 17 ಅಂಕಿ–ಅಕ್ಷರಗಳ ಚಾಸಿ ಸಂಖ್ಯೆಯನ್ನು ಅಧಿಕೃತ ಸೇವಾ ಕೇಂದ್ರಕ್ಕೆ ಕೊಟ್ಟು ಬಾಕಿ ಇರುವ ವಾಪಸಾತಿ, ವಿಸ್ತರಿತ ವಾರಂಟಿ ಎರಡನ್ನೂ ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ಕೊಂಡ ಮೇಲೆ ಕಂಪನಿಯ ದಾಖಲೆಯಲ್ಲಿ ತಮ್ಮ ಹೆಸರು, ವಿಳಾಸ ಬರೆಸಬೇಕು. ಕೆಂಪು ಬ್ರೇಕ್ ದೀಪ ಹೊತ್ತಿದರೆ ಪೆಡಲನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನೆ ಬಲವಾಗಿ ಒತ್ತಿಹಿಡಿದು ಬದಿಗೆ ನಿಲ್ಲಿಸಬೇಕು; ನಿಲ್ಲುವವರೆಗೆ ಕಾರನ್ನು ಆಫ್ ಮಾಡಬಾರದು, ನಿಂತ ಮೇಲೆ ಮತ್ತೆ ಓಡಿಸಬಾರದು. ದೋಷ ಕಂಡರೆ ವಾಹನ್ ತಾಣದಲ್ಲಿ ದೂರು ದಾಖಲಿಸಬೇಕು. ಒಂದು ದೂರಿನಿಂದ ಏನೂ ಆಗದಿರಬಹುದು, ಆದರೆ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಅಟ್ಟದ ಮೇಲೆ ಹನ್ನೊಂದು ತಿಂಗಳು ಕಾಯಿ ಒಣಗಿಸಿ, ಕೊಬ್ಬರಿ ಮಾಡಿ ಕೂಡಿಸಿದ ಹಣ ನಗರದ ಸಂಬಳದಷ್ಟೇ ಮರ್ಯಾದೆಯದು. ಆ ಹಣದಲ್ಲಿ ಬಂದ ಕಾರು ಎರಡನೆಯ ಕೈಯದಾಗಿರಬಹುದು. ಅದರಲ್ಲಿ ಕೂರುವ ಮಕ್ಕಳ ಜೀವ ಎರಡನೆಯ ದರ್ಜೆಯದಲ್ಲ. ವಾಪಸಾತಿಯ ಕರೆ ಬೆಂಗಳೂರಿನ ಹಳೆಯ ವಿಳಾಸದಲ್ಲಿ ನಿಂತುಹೋಗದೆ ತಾಲ್ಲೂಕಿನ ಮನೆಬಾಗಿಲು ಮುಟ್ಟುವಂತೆ ನೋಡಿಕೊಳ್ಳುವುದು ಕಂಪನಿಗಳ ಔದಾರ್ಯವಲ್ಲ, ಹೊಣೆ.