ಒಂದು ದಿನ, 450 ಕಿಲೋಮೀಟರ್: ಬೇಲೂರು–ಹಳೇಬೀಡು ‘ಪ್ರೈವೇಟ್ ಟೂರ್’ ಹೇಗೆ ನಡೆಯುತ್ತೆ?

ಬೆಂಗಳೂರಿನಿಂದ ಬೇಲೂರಿಗೆ ಸುಮಾರು 220 ಕಿ.ಮೀ. ಅಲ್ಲಿಂದ ಹಳೇಬೀಡಿಗೆ 16. ವಾಪಸ್ ಬಂದು ಮನೆ ಸೇರುವಷ್ಟರಲ್ಲಿ ಮೀಟರ್ 450 ದಾಟಿರುತ್ತದೆ. ದಾರಿಯಲ್ಲಿ ಚನ್ನರಾಯಪಟ್ಟಣದ ಹತ್ತಿರ ತಿರುಗಿ ಶ್ರವಣಬೆಳಗೊಳವನ್ನೂ ಸೇರಿಸಿಕೊಂಡರೆ ಇನ್ನಷ್ಟು. ಬೆಳಗ್ಗೆ 6ಕ್ಕೆ ಹೊರಟು ರಾತ್ರಿ 9ಕ್ಕೆ ಇಳಿದರೆ 15 ಗಂಟೆ. ಅದರಲ್ಲಿ ಎಂಟೊಂಬತ್ತು ಗಂಟೆ ಕಾರಿನಲ್ಲಿ, ಎರಡು ಗಂಟೆ ಊಟ-ತಿಂಡಿಗೆ. ಉಳಿದ ನಾಲ್ಕೈದು ಗಂಟೆಯಲ್ಲಿ 900 ವರ್ಷ ಹಳೆಯ ಕಲ್ಲು, ಹಳ್ಳಿಯ ನೋಟ, ಫೋಟೊ, ಎಳನೀರು. ಇದನ್ನೇ ಜಾಲತಾಣಗಳಲ್ಲಿ ‘ಗೈಡ್ ಸಹಿತ ಖಾಸಗಿ ದಿನದ ಪ್ರವಾಸ: ಗ್ರಾಮೀಣ ಸೌಂದರ್ಯ ಮತ್ತು ದೇವಾಲಯಗಳು’ ಅಂತ ಮಾರುವುದು.

2023ರ ಸೆಪ್ಟೆಂಬರ್ 18ರಂದು ರಿಯಾದ್‌ನಲ್ಲಿ ಯುನೆಸ್ಕೊ ಸಮಿತಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭಾರತದ 42ನೇ ತಾಣ, ಕರ್ನಾಟಕದ ಮಟ್ಟಿಗೆ ಹಂಪಿ, ಪಟ್ಟದಕಲ್ಲು, ಪಶ್ಚಿಮಘಟ್ಟಗಳ ನಂತರ ನಾಲ್ಕನೆಯದು. ಪ್ರವಾಸೋದ್ಯಮದಿಂದ ಸ್ಥಳೀಯರಿಗೆ ಉದ್ಯೋಗ ಅನ್ನುವ ಮಾತು ಆಗ ಎಲ್ಲ ಪಕ್ಷದವರ ಬಾಯಲ್ಲೂ ಬಂತು. ಯಾವ ಸ್ಥಳೀಯರು, ಯಾವ ಉದ್ಯೋಗ ಅಂತ ನೋಡಬೇಕಾದರೆ ಈ ಒಂದು ದಿನದ ಟೂರನ್ನೇ ಬಿಚ್ಚಿ ನೋಡುವುದು ಒಳ್ಳೆಯದು.

ದುಡ್ಡಿನಿಂದ ಶುರು ಮಾಡೋಣ. ಔಟ್‌ಸ್ಟೇಷನ್ ಟ್ಯಾಕ್ಸಿ ಲೆಕ್ಕ ನಿಮಗೆ ಗೊತ್ತೇ ಇದೆ: ದಿನಕ್ಕೆ ಕನಿಷ್ಠ ಇಷ್ಟು ಕಿ.ಮೀ., ಕಿ.ಮೀ.ಗೆ ಇಷ್ಟು, ಮೇಲೆ ಟೋಲ್, ಪಾರ್ಕಿಂಗ್, ಡ್ರೈವರ್ ಬಾಟಾ. ಸೆಡಾನ್‌ಗೆ ಕಿ.ಮೀ.ಗೆ 14 ರೂಪಾಯಿ ಅಂತ ಇಟ್ಟುಕೊಳ್ಳಿ, 450 ಕಿ.ಮೀ.ಗೆ 6,300. ಗಾಡಿ ಲೀಟರಿಗೆ 18 ಕೊಟ್ಟರೆ 25 ಲೀಟರ್ ಇಂಧನ, ಅಂದರೆ ಎರಡು ಸಾವಿರದ ಮೇಲೆ. ಇಎಂಐ, ಇನ್ಶೂರೆನ್ಸ್, ಪರ್ಮಿಟ್, ಟೈರು ಇದರಲ್ಲೇ ಆಗಬೇಕು. ಟೂರನ್ನು ಅಂತಾರಾಷ್ಟ್ರೀಯ ಬುಕಿಂಗ್ ತಾಣದಲ್ಲಿ ಮಾರಿದ್ದರೆ ಗಿರಾಕಿ ಕಟ್ಟಿದ್ದರಲ್ಲಿ ಐದನೇ ಒಂದು ಪಾಲೋ ಅದಕ್ಕಿಂತ ಹೆಚ್ಚೋ ಕಮಿಷನ್ ಆಗಿ ಮೊದಲೇ ಹೋಗಿರುತ್ತದೆ. ನಂತರ ಬೆಂಗಳೂರಿನ ಏಜೆಂಟನ ಪಾಲು. ಎಷ್ಟೋ ಸಲ ಆ ಏಜೆಂಟ್ ಇನ್ನೊಬ್ಬ ಏಜೆಂಟಿಗೆ ‘ಪಾಸ್’ ಮಾಡಿರುತ್ತಾನೆ. ಕೊನೆಗೆ ಹಾಸನ ಜಿಲ್ಲೆಯೊಳಗೆ ಬಂದು ಬೀಳುವುದು ಊಟದ ಬಿಲ್ಲು, ಎಳನೀರು, ಚಪ್ಪಲಿ ಕಾಯುವವರ ಚಿಲ್ಲರೆ, ಅಲ್ಲೇ ಗೈಡ್ ತೆಗೆದುಕೊಂಡರೆ ಅವರ ಶುಲ್ಕ. ಬೇಲೂರು, ಹಳೇಬೀಡು ದೇವಸ್ಥಾನಗಳಿಗೆ ಪ್ರವೇಶ ಟಿಕೆಟ್ ಇಲ್ಲ. (ಸೋಮನಾಥಪುರದಲ್ಲಿ ಇದೆ: ಕೌಂಟರಿನಲ್ಲಿ ಭಾರತೀಯರಿಗೆ 25, ವಿದೇಶಿಯರಿಗೆ 300. ಅದು ಹೋಗುವುದು ಕೇಂದ್ರದ ಪುರಾತತ್ವ ಇಲಾಖೆಗೆ.) ರಾತ್ರಿ ಯಾರೂ ಉಳಿಯುವುದಿಲ್ಲವಾದ್ದರಿಂದ ಲಾಡ್ಜು, ಹೋಮ್‌ಸ್ಟೇ, ಸಂಜೆಯ ಅಂಗಡಿ, ಯಾವುದಕ್ಕೂ ವ್ಯಾಪಾರ ಇಲ್ಲ. ದಿನದ ಪ್ರವಾಸ ಅನ್ನುವ ಪದ್ಧತಿಯೇ ಹಾಗೆ: ನೋಟ ಹಾಸನದ್ದು, ಆದಾಯ ಬೆಂಗಳೂರಿನದ್ದು.

ಪಾರ್ಕಿಂಗ್‌ನಲ್ಲಿ ಮಲಗಿದವರು

ಯಾವುದೇ ವೀಕೆಂಡ್ ಮಧ್ಯಾಹ್ನ ಹಳೇಬೀಡಿನ ಪಾರ್ಕಿಂಗ್ ಕಡೆ ಒಂದು ಸುತ್ತು ಹಾಕಿ. ಸೀಟು ಹಿಂದಕ್ಕೆ ಬಾಗಿಸಿ, ಬಾಗಿಲು ಅರ್ಧ ತೆರೆದು, ಮುಖದ ಮೇಲೆ ಟವೆಲ್ ಹಾಕಿಕೊಂಡ ಡ್ರೈವರುಗಳ ಸಾಲು ಕಾಣುತ್ತದೆ. ಕಳೆದ ಸಲ ಹೋದಾಗ ಒಬ್ಬರನ್ನು ಕೇಳಿದೆ, “ಎಷ್ಟೊತ್ತಿಗೆ ಎದ್ರಿ ಅಣ್ಣಾ?” “ಮೂರೂವರೆಗೆ ಸಾರ್. ಮನೆ ನೆಲಮಂಗ್ಲದ ಆ ಕಡೆ, ಪಿಕಪ್ಪು ಕೋರಮಂಗ್ಲ. ಗಾಡಿ ತೊಳೀಬೇಕಲ್ಲ.” ಹಿಂದಿನ ರಾತ್ರಿ ಏರ್‌ಪೋರ್ಟ್ ಡ್ರಾಪ್ ಇತ್ತಂತೆ. ವಾಪಸ್ ಕುಣಿಗಲ್ ದಾಟುವ ಹೊತ್ತಿಗೆ ಅವರು ಎದ್ದು 16 ಗಂಟೆ ಆಗಿರುತ್ತದೆ. ಹಿಂದಿನ ಸೀಟಿನಲ್ಲಿ ಇರುವವರು ಅಷ್ಟೊತ್ತಿಗೆ ನಿದ್ದೆ ಹೋಗಿರುತ್ತಾರೆ.

ಕಾನೂನು ಏನು ಹೇಳುತ್ತೆ? 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತ್ತು. ವಿರಾಮ ಸೇರಿ ದಿನದ ಕೆಲಸ 12 ಗಂಟೆಗಿಂತ ಆಚೆ ಹರಡಬಾರದು ಅಂತಲೂ ಇತ್ತು. ಆದರೆ ಅದು ಅನ್ವಯಿಸುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಾರಿಗೆ ಸಂಸ್ಥೆಗೆ. ಆ ಕಾಯಿದೆಯನ್ನು 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಸಿದರು, 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂತು. ಅದರಲ್ಲಿ ಮೋಟಾರು ಸಾರಿಗೆ ಸಂಸ್ಥೆ ಅನ್ನಿಸಿಕೊಳ್ಳಲು ಹತ್ತು ಕಾರ್ಮಿಕರಿರಬೇಕು. ಅಂದರೆ ಮಿತಿ ಐದರಿಂದ ಹತ್ತಕ್ಕೆ ಏರಿತು. ಒಂದು-ಎರಡು ಗಾಡಿ ಇಟ್ಟುಕೊಂಡವರು, ಸ್ವಂತ ಗಾಡಿಯನ್ನು ಏಜೆಂಟಿಗೆ ‘ಅಟ್ಯಾಚ್’ ಮಾಡಿದವರು ಹಿಂದೆಯೂ ಹೊರಗಿದ್ದರು, ಈಗ ಅವರ ಜೊತೆಗೆ ಇನ್ನೊಂದಿಷ್ಟು ಜನ ಹೊರಗೆ ಬಂದರು. ಮೋಟಾರು ವಾಹನ ಕಾಯಿದೆಯ 91ನೇ ಕಲಂ ಸಾರಿಗೆ ವಾಹನ ಓಡಿಸುವ ಕೆಲಸಕ್ಕಿರುವ ಯಾರಿಗಾದರೂ 1961ರ ಕಾಯಿದೆಯ ಗಂಟೆಗಳೇ ಅನ್ವಯ ಅಂದಿದೆ, ನಿಜ. ಆದರೆ ಹಾಜರಿ ಪುಸ್ತಕ, ಓವರ್‌ಟೈಮ್, ಕಾರ್ಮಿಕ ಇಲಾಖೆಯ ತಪಾಸಣೆ ಇವೆಲ್ಲ ಬರುವುದು ಒಂದು ಸಂಸ್ಥೆ ನೋಂದಣಿ ಆಗಿದ್ದಾಗ. ಅಟ್ಯಾಚ್ ಆದ ಗಾಡಿಗೆ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು?

ಇನ್ನೊಂದು ಸಣ್ಣ ಸಾಲು ನನಗೆ ಹೆಚ್ಚು ಕುತೂಹಲದ್ದು ಅನ್ನಿಸಿತು. ಹಳೇ ಕಾಯಿದೆಯಲ್ಲೂ, ಹೊಸ ಸಂಹಿತೆಯಲ್ಲೂ ‘ಟರ್ಮಿನಲ್’ನಲ್ಲಿ ಸುಮ್ಮನೆ ಹಾಜರಿರುವ ಸಮಯ 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಮಾತ್ರ ಅದು ಕೆಲಸದ ಗಂಟೆ. ಬಸ್ಸನ್ನು ಮನಸ್ಸಿನಲ್ಲಿಟ್ಟು ಬರೆದ ಸಾಲು ಅದು. ದೇವಸ್ಥಾನದ ಪಾರ್ಕಿಂಗು ಟರ್ಮಿನಲ್ಲೇ ಅಂತ ಯಾರಾದರೂ ವಾದಿಸಿದರೆ, ಟವೆಲ್ ಹಾಕಿಕೊಂಡು ಕಾಯುವ ಆ ಎರಡು ಗಂಟೆ ಕೆಲಸವೇ ಅಲ್ಲ. ಆದರೆ ಅದು ವಿಶ್ರಾಂತಿಯೂ ಅಲ್ಲವಲ್ಲ. ಗಿರಾಕಿ ಫೋನ್ ಮಾಡಿದ ತಕ್ಷಣ ಗೇಟಿಗೆ ಬರಬೇಕು.

ಗೈಡ್ ಹೇಳುವುದು, ಬಿಡುವುದು

ಈಗ ಗೈಡ್ ವಿಷಯ. ಇದರಲ್ಲಿ ಎರಡು ಬಗೆ. ಪ್ರವಾಸೋದ್ಯಮ ಇಲಾಖೆಯ ತರಬೇತಿ ಪಡೆದು, ಗುರುತಿನ ಚೀಟಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿರುವ ಸ್ಥಳೀಯರು ಒಂದು. ‘ಡ್ರೈವರ್ ಕಮ್ ಗೈಡ್’ ಇನ್ನೊಂದು, ಅಂದರೆ ಮೂರೂವರೆಗೆ ಎದ್ದವರೇ ವಿಷ್ಣುವರ್ಧನನ ಕಥೆಯನ್ನೂ ಹೇಳಬೇಕು. ಮೊದಲನೇ ಬಗೆಯವರಲ್ಲಿ ಕೆಲವರು ಅಸಾಧ್ಯ ಚೆನ್ನಾಗಿ ಹೇಳುತ್ತಾರೆ. ಹಳೇಬೀಡಿನ ಹೊರಗೋಡೆಯ ಪಟ್ಟಿಗಳನ್ನು, ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ, ಅದರ ಮೇಲೆ ರಾಮಾಯಣ-ಮಹಾಭಾರತ, ಮಕರ, ಹಂಸ, ಹೀಗೆ ಒಂದೊಂದಾಗಿ ಓದಿಸುವವರ ಜೊತೆ ನಡೆದರೆ ಕಣ್ಣು ಬೇರೆಯದೇ ಆಗುತ್ತದೆ.

ತೊಂದರೆ ಇರುವುದು ಸಮಯದಲ್ಲಿ. 45 ನಿಮಿಷಕ್ಕೆ ಹೊಂದುವ ಕಥೆ ಮಾತ್ರ ಉಳಿಯುತ್ತದೆ, ಮತ್ತು ಅದು ಯಾವಾಗಲೂ ರೀಲ್ಸ್‌ಗೆ ಹೊಂದುವ ಕಥೆ. ಉದಾಹರಣೆಗೆ ಕಂಬಗಳು. ‘ಈ ಕಂಬ ನೋಡಿ, ಲೇತ್ ಮಷಿನ್ ಇಲ್ಲದೆ ಸಾಧ್ಯವೇ ಇಲ್ಲ, ನಮ್ಮ ಪೂರ್ವಜರ ಬಳಿ ಕಳೆದುಹೋದ ತಂತ್ರಜ್ಞಾನ ಇತ್ತು’ ಅನ್ನುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ನಾನು ಓದಿದ್ದು ಮೆಕ್ಯಾನಿಕಲ್. ಎರಡು ಸೆಮಿಸ್ಟರ್ ಲೇತ್ ಮುಂದೆ ನಿಂತಿದ್ದೇನೆ. ಲೇತ್ ಅಂದರೆ ಸರಳ: ವಸ್ತು ತಿರುಗಬೇಕು, ಉಳಿ ನಿಂತಿರಬೇಕು, ವಸ್ತು ಉಳಿಗಿಂತ ಮೆತ್ತಗಿರಬೇಕು. ಹೊಯ್ಸಳರು ಬಳಸಿದ್ದು ಗ್ರಾನೈಟ್ ಅಲ್ಲ, ಬಳಪದ ಕಲ್ಲಿನ ಜಾತಿಯ ಮೆತ್ತನೆ ಕಲ್ಲು. ಗಣಿಯಿಂದ ತೆಗೆದ ಹೊಸತರಲ್ಲಿ ಕಬ್ಬಿಣದ ಉಳಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಕಂಬವನ್ನು ತಿರುಗಿಸುತ್ತಾ ಕಡೆಯುವ ಪದ್ಧತಿ ಹೊಯ್ಸಳರಿಗಿಂತ ಮೊದಲೇ ಕಲ್ಯಾಣ ಚಾಲುಕ್ಯರ ಗುಡಿಗಳಲ್ಲಿ ಇತ್ತು. ಅದು ಕಳೆದುಹೋದ ವಿದ್ಯೆ ಅಲ್ಲ, ಕೈಯಿಂದ ಕೈಗೆ ಬಂದ ಕಸುಬು.

ಕೈಗಳ ಹೆಸರೂ ಇದೆ. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಅಂತ ಕೆತ್ತಿದ ಸಹಿಗಳಿವೆ. ಬಳ್ಳಿಗಾವೆ ಈಗಿನ ಶಿಕಾರಿಪುರ ತಾಲ್ಲೂಕಿನ ಊರು, ಆಗ ಚಾಲುಕ್ಯ ಸೀಮೆಯ ದೊಡ್ಡ ಕೇಂದ್ರ. ಕಂಬ ಕಡೆಯುವುದು ಹೇಗೆ ಬಂತು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ಬೇಕಾ? ನೂರು ಚಿಲ್ಲರೆ ವರ್ಷದ ನಂತರ ಸೋಮನಾಥಪುರದಲ್ಲಿ ಮಲ್ಲಿತಮ್ಮ ಅನ್ನುವ ರೂವಾರಿಯ ಸಹಿ ಮತ್ತೆಮತ್ತೆ ಸಿಗುತ್ತದೆ. ಆದರೆ ಟೂರಿನಲ್ಲಿ ಕೇಳಿಬರುವುದು ಒಂದೇ ಹೆಸರು, ಜಕಣಾಚಾರಿ. ಕಪ್ಪೆ ಚೆನ್ನಿಗರಾಯನ ಕಥೆ ಚೆಂದದ್ದೇ, ಬೇಡ ಅನ್ನುವುದಿಲ್ಲ. ಆದರೆ ಹೊಯ್ಸಳ ಶಾಸನಗಳಲ್ಲಿ ಆ ಹೆಸರು ಸಿಕ್ಕಿಲ್ಲ. ಸರ್ಕಾರ ಜನವರಿ 1ರಂದು ಜಕಣಾಚಾರಿ ಸಂಸ್ಮರಣಾ ದಿನ ಮಾಡುತ್ತದೆ, ಪ್ರಶಸ್ತಿಯೂ ಆ ಹೆಸರಿನಲ್ಲಿದೆ. ಕಲ್ಲಿನ ಮೇಲೆ ತಾನೇ ಹೆಸರು ಬರೆದಿಟ್ಟು ಹೋದ ದಾಸೋಜನಿಗೆ ಏನೂ ಇಲ್ಲ. ದುಡಿದವನ ಹೆಸರನ್ನು ಒಂದು ದಂತಕಥೆಯೋ, ಒಂದು ‘ನಿಗೂಢ ಯಂತ್ರ’ವೋ ನುಂಗುವುದು ಹೊಸದಲ್ಲ ಬಿಡಿ.

ಟೂರಿನಲ್ಲಿ ಬಿಟ್ಟುಹೋಗುವ ಇನ್ನೊಂದು ಜಾಗ ಹಳೇಬೀಡಿನ ದೇವಸ್ಥಾನದಿಂದ ಸ್ವಲ್ಪ ದೂರದ ಬಸದಿಗಳು. 1133ರಲ್ಲಿ ದಂಡನಾಯಕ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಕನ್ನಡಿಯಂತೆ ಹೊಳೆಯುವ ಕರಿ ಕಂಬಗಳು ಅದರಲ್ಲೇ ಇರುವುದು. ವೈಷ್ಣವನಾದ ಎಂದು ಹೇಳಲಾಗುವ ರಾಜ, ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿದ ರಾಣಿ ಶಾಂತಲೆ, ಜೈನ ದಂಡನಾಯಕ, ಶಿವನಿಗೆ ಕಟ್ಟಿದ ದೊಡ್ಡ ಗುಡಿ, ಇಷ್ಟೂ ಒಂದೇ ಕಾಲದವು. ಆದರೆ 45 ನಿಮಿಷದ ಕಥೆಯಲ್ಲಿ ‘ಕಟ್ಟಿದವರು ನಾವು, ಒಡೆದವರು ಅವರು’ ಅನ್ನುವುದಕ್ಕಷ್ಟೇ ಜಾಗ. 1311ರಲ್ಲಿ ಮಲಿಕ್ ಕಾಫರ್‌ನ ಸೇನೆ ದೋರಸಮುದ್ರಕ್ಕೆ ಬಂದದ್ದು ನಿಜ, ಅದನ್ನು ಹೇಳಲೇಬೇಕು. ಹಾಗೆಯೇ ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ರಥದ ಮುಂದೆ ಮೌಲ್ವಿಯೊಬ್ಬರು ಕುರ್‌ಆನ್ ಸಾಲು ಓದುವ ಪದ್ಧತಿ ಇದ್ದದ್ದನ್ನೂ ಹೇಳಬೇಕು. 2022ರ ಏಪ್ರಿಲ್‌ನಲ್ಲಿ, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳನ್ನು ಬಿಡಬೇಡಿ ಅನ್ನುವ ಗಲಾಟೆಯ ನಡುವೆಯೂ ಆ ಓದು ನಡೆಯಿತು. ನಾನು ಬೇಲೂರಿಗೆ ನಾಲ್ಕು ಸಲ ಹೋಗಿದ್ದೇನೆ, ಕೇಳದೆ ಈ ಮಾತನ್ನು ಹೇಳಿದ ಗೈಡ್ ಸಿಕ್ಕಿಲ್ಲ. ಕೇಳಿದಾಗ ಒಬ್ಬರು ಸುತ್ತ ನೋಡಿ, ದನಿ ತಗ್ಗಿಸಿ ವಿವರವಾಗಿಯೇ ಹೇಳಿದರು. ರೇಟಿಂಗ್ ಮೇಲೆ ಬದುಕುವವರಿಗೆ ಯಾವ ಗಿರಾಕಿ ಏನು ಅಂತ ಹೇಗೆ ಗೊತ್ತಾಗಬೇಕು?

‘ಗ್ರಾಮೀಣ ಸೌಂದರ್ಯ’ ಯಾರ ಜಮೀನು

ಕೆಲವು ಪ್ಯಾಕೇಜ್‌ಗಳಲ್ಲಿ ಶೆಟ್ಟಿಹಳ್ಳಿ ಚರ್ಚ್ ಕೂಡ ಇರುತ್ತದೆ. ಮಳೆಗಾಲದಲ್ಲಿ ನೀರಿನೊಳಗೆ ಅರ್ಧ ಮುಳುಗಿ ನಿಲ್ಲುವ, ಸೂರಿಲ್ಲದ ಇಟ್ಟಿಗೆ ಗೋಡೆಗಳು. ಡ್ರೋನ್ ಶಾಟ್‌ಗೆ ಹೇಳಿ ಮಾಡಿಸಿದಂತಿದೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ್ದು. ಅದು ಮುಳುಗಿದ್ದು ಗೊರೂರಿನ ಹೇಮಾವತಿ ಅಣೆಕಟ್ಟಿನಿಂದ. ಚರ್ಚಿನ ಜೊತೆ ಊರುಗಳೂ ಮುಳುಗಿದವು, ಜನ ಎದ್ದು ಹೋದರು. ‘ಎಚ್‌ಆರ್‌ಪಿ ಸಂತ್ರಸ್ತರು’ ಅನ್ನುವ ಮಾತು ಹಾಸನದ ಕಚೇರಿಗಳಲ್ಲಿ ಇವತ್ತಿಗೂ ಕೇಳುತ್ತದೆ. ಅದೇ ಹೇಮಾವತಿ ನೀರಿಗಾಗಿ, ನೀವು ಹೆದ್ದಾರಿಯಲ್ಲಿ ದಾಟುವ ಕುಣಿಗಲ್ ಒಂದು ಕಡೆ, ಗುಬ್ಬಿ-ತುರುವೇಕೆರೆ ಇನ್ನೊಂದು ಕಡೆ ನಿಂತು ಲಿಂಕ್ ಕೆನಾಲ್ ಬಗ್ಗೆ ಜಗಳ ಆಡುತ್ತಿವೆ. ಕಾರಿನ ಕಿಟಕಿಯಿಂದ ಅದು ಬರೀ ಹಸಿರು.

ಹಳೇಬೀಡಿನೊಳಗೂ ಅಷ್ಟೇ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ 2010ರ ತಿದ್ದುಪಡಿ ಮಾಡಿದೆ. ಮೊದಲ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಸ್ಮಾರಕ ಉಳಿಯಬೇಕಾದರೆ ಇಂಥ ನಿಯಮ ಬೇಕು ಅಂತಲೇ ನನ್ನ ಅಭಿಪ್ರಾಯ. ಆದರೆ ಸೋರುವ ಮಾಡಿಗೆ ಅರ್ಜಿ ಹಿಡಿದು ತಿರುಗುವವರಿಗೆ ಯುನೆಸ್ಕೊ ಬೋರ್ಡಿನಿಂದ ಸಿಗಬೇಕಾದ್ದು ಸಿಗದಿದ್ದಾಗ, ಪರಂಪರೆ ಅನ್ನುವುದು ಅವರಿಗೆ ಇನ್ನೊಂದು ಇಲಾಖೆಯ ಹೆಸರಾಗುತ್ತದೆ, ಅಷ್ಟೇ.

ಹಾಗಂತ ಹೋಗಬೇಡಿ ಅನ್ನುತ್ತಿಲ್ಲ. ಹೋಗಿ, ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಬೆಂಗಳೂರಿನಿಂದ ಹಾಸನಕ್ಕೆ ಬಸ್, ರೈಲು ಎರಡೂ ಇವೆ, ಅಲ್ಲಿಂದ ಬೇಲೂರು, ಹಳೇಬೀಡು ಎರಡಕ್ಕೂ ಸಾಮಾನ್ಯ ಬಸ್ಸುಗಳು ಓಡಾಡುತ್ತವೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಅದೂ ಉಚಿತ. ವಯಸ್ಸಾದವರು ಜೊತೆಗಿದ್ದರೆ ಕಾರು ಬೇಕೇ ಬೇಕು, ಒಪ್ಪುತ್ತೇನೆ. ಆಗ ಬುಕ್ ಮಾಡುವ ಮೊದಲೇ ಎರಡು ಪ್ರಶ್ನೆ ಕೇಳಿ: ಡ್ರೈವರ್ ಹಿಂದಿನ ರಾತ್ರಿ ಗಾಡಿ ಓಡಿಸಿದ್ದಾರಾ, ಮತ್ತು ಅವರು ಮಲಗಲು ಜಾಗ ಯಾರು ಕೊಡುತ್ತಾರೆ. ಡ್ರೈವರ್ ಕಮ್ ಗೈಡ್ ಬೇಡ ಅನ್ನಿ, ಬೇಲೂರಿನಲ್ಲಿ ಗುರುತಿನ ಚೀಟಿ ಇರುವವರನ್ನು ತೆಗೆದುಕೊಂಡು ಎರಡು ಗಂಟೆಯ ದುಡ್ಡು ಕೊಡಿ. ದಾಸೋಜನ ಸಹಿ ತೋರಿಸಿ ಅಂತ ಕೇಳಿ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುವಾಗ ಹೊರಗೋಡೆ ನೋಡಲು ಜನ ಕಡಿಮೆ ಇರುತ್ತಾರೆ. ಸೋಮನಾಥಪುರವನ್ನೂ ಇದೇ ದಿನಕ್ಕೆ ತುರುಕುತ್ತೇವೆ ಅನ್ನುವ ಪ್ಯಾಕೇಜ್ ಸಿಕ್ಕರೆ ಬಿಟ್ಟುಬಿಡಿ. ಅದು ಮೈಸೂರಿನ ಪಕ್ಕದ ಊರು, ಅದಕ್ಕೆ ಬೇರೆ ದಿನ ಬೇಕು.