ಮನೆಗೊಂದು ಲ್ಯಾಪ್‌ಟಾಪ್: ಕೊಳ್ಳುವ ಮುನ್ನ ಬೆಳೆಗಾರರು ಗಮನಿಸತಕ್ಕ ವಿಷಯಗಳು

ಸಣ್ಣ ಬೆಳೆಗಾರರ ಮನೆಯಲ್ಲಿಯೂ ಲ್ಯಾಪ್‌ಟಾಪ್ ಈಗ ಆಡಂಬರದ ವಸ್ತುವಾಗಿ ಉಳಿದಿಲ್ಲ. ಪಹಣಿ ತೆಗೆಯುವುದು, ಬ್ಯಾಂಕಿನ ವ್ಯವಹಾರ, ಕೆಲಸದವರ ಹಾಜರಿ ಮತ್ತು ಮಜೂರಿಯ ಲೆಕ್ಕ, ಅಡಿಕೆಯ ಧಾರಣೆ ನೋಡುವುದು, ಮಕ್ಕಳ ಪಾಠ, ದೂರದಲ್ಲಿರುವ ಮಗ ಮಗಳೊಡನೆ ಮುಖ ನೋಡಿ ಮಾತನಾಡುವುದು, ರಾತ್ರಿ ಊಟವಾದ ಮೇಲೆ ಒಂದು ಯಕ್ಷಗಾನ ಪ್ರಸಂಗ ನೋಡುವುದು, ಇವೆಲ್ಲಕ್ಕೂ ಒಂದೇ ಯಂತ್ರ ಸಾಕಾಗುತ್ತದೆ. ಆದ್ದರಿಂದ "ಯಾವುದನ್ನು ಕೊಳ್ಳಬೇಕು, ಎಷ್ಟು ಹಣ ಹಾಕಬೇಕು" ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪ್ರಶ್ನೆ ಸಣ್ಣದಲ್ಲ. ಅಡಿಕೆ ಮಾರಿದ ಹಣವಾಗಲಿ ಕಾಫಿ ಮಾರಿದ ಹಣವಾಗಲಿ ನಮ್ಮ ಕೈಗೆ ಬರುವುದು ವರ್ಷದಲ್ಲಿ ಒಂದೆರಡು ಸಲ. ಗೊಬ್ಬರ, ಮೈಲುತುತ್ತು, ಮಜೂರಿ, ಸಾಲದ ಕಂತು, ಮಕ್ಕಳ ಫೀಸು ಇಷ್ಟೂ ಕಳೆದು ಉಳಿದದ್ದರಲ್ಲಿ ಈ ಖರೀದಿ ಆಗಬೇಕು. ತಪ್ಪು ಯಂತ್ರ ತಂದರೆ ಎರಡು ವರ್ಷದಲ್ಲಿ ಅದು ಮೂಲೆ ಸೇರುತ್ತದೆ, ಹಣ ಎರಡನೆಯ ಸಲ ಖರ್ಚಾಗುತ್ತದೆ. ಆದ್ದರಿಂದ ಅಗ್ಗ ಎಂಬುದನ್ನು ಕೊಂಡ ದಿನದ ಬೆಲೆಯಿಂದ ಅಳೆಯಬಾರದು, ಬಾಳಿಕೆಯ ವರ್ಷಗಳಿಂದ ಭಾಗಿಸಿ ಅಳೆಯಬೇಕು ಎಂಬುದೇ ನಮ್ಮ ಮುಖ್ಯ ಸಲಹೆ. ಲೆಕ್ಕಕ್ಕಾಗಿ ಹೇಳುವುದಾದರೆ, 24,000 ರೂಪಾಯಿಯ ಯಂತ್ರ 2 ವರ್ಷ ಬಂದರೆ ವರ್ಷಕ್ಕೆ 12,000 ರೂಪಾಯಿ ಬಿತ್ತು. 40,000 ರೂಪಾಯಿಯದು 5 ವರ್ಷ ಬಂದರೆ ವರ್ಷಕ್ಕೆ 8,000 ರೂಪಾಯಿ ಮಾತ್ರ. ಹಾಗೆಂದು ಬೆಲೆ ಹೆಚ್ಚಾದಷ್ಟೂ ಬಾಳಿಕೆ ಹೆಚ್ಚೆಂದೂ ಅಲ್ಲ. ನಮ್ಮ ಕೆಲಸಕ್ಕೆ ಬೇಡದ ವಿಷಯಕ್ಕೆ ಕೊಟ್ಟ ಹಣವೂ ನಷ್ಟವೇ.

ಅಂಗಳ ಮತ್ತು ಉಗ್ರಾಣ

ಅಂಗಡಿಯವರು ಹೇಳುವ ಅಂಕಿಗಳಲ್ಲಿ ಎರಡನ್ನು ಎಲ್ಲಕ್ಕಿಂತ ಮೊದಲು ಕೇಳಬೇಕು. ಒಂದು ರ‍್ಯಾಮ್ ಎಂಬ ಮೆಮೊರಿ, ಇನ್ನೊಂದು ಕಡತಗಳನ್ನು ಕೂಡಿಡುವ ಸಂಗ್ರಹ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ರ‍್ಯಾಮ್ ಎಂಬುದು ಒಣಗಿಸುವ ಅಂಗಳ, ಸಂಗ್ರಹ ಎಂಬುದು ಉಗ್ರಾಣ. ಉಗ್ರಾಣ ಎಷ್ಟೇ ದೊಡ್ಡದಿರಲಿ, ಅಂಗಳ ಇಕ್ಕಟ್ಟಾದರೆ ಕೆಲಸ ನಿಂತುಹೋಗುತ್ತದೆ.

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಮತ್ತು 64 ಜಿಬಿ ಸಂಗ್ರಹ ಬೇಕೆಂದು ಅದರ ತಯಾರಕರೇ ಹೇಳಿದ್ದಾರೆ. ಆದರೆ ಕನಿಷ್ಠ ಎಂದರೆ ಯಂತ್ರ ಏಳುತ್ತದೆ ಎಂದಷ್ಟೇ ಅರ್ಥ, ದುಡಿಯುತ್ತದೆ ಎಂದಲ್ಲ. 4 ಜಿಬಿಯ ಯಂತ್ರದಲ್ಲಿ ಬ್ಯಾಂಕಿನ ಪುಟ, ಲೆಕ್ಕದ ಹಾಳೆ ಮತ್ತು ಒಂದು ವಿಡಿಯೋ ಒಟ್ಟಿಗೆ ತೆರೆದರೆ ಸಾಕು, ಅದು ತೆವಳಲು ಆರಂಭಿಸುತ್ತದೆ. ನಮ್ಮ ಸಾಧಾರಣ ಕೆಲಸಕ್ಕೆ 8 ಜಿಬಿ ಬೇಕೇ ಬೇಕು. ಕಾಲೇಜಿಗೆ ಹೋಗುವ ಮಕ್ಕಳಿದ್ದು ಐದಾರು ವರ್ಷ ಬಳಸುವ ಉದ್ದೇಶವಿದ್ದರೆ 16 ಜಿಬಿ ಒಳ್ಳೆಯದು.

ಇಲ್ಲಿ ಕೇಳಲೇಬೇಕಾದ ಇನ್ನೊಂದು ಪ್ರಶ್ನೆ: "ಮುಂದೆ ಮೆಮೊರಿ ಸೇರಿಸಲು ಜಾಗವಿದೆಯೇ?" ಕೆಲವು ಯಂತ್ರಗಳಲ್ಲಿ ಮೆಮೊರಿಯನ್ನು ಹಲಗೆಗೇ ಬೆಸೆದಿರುತ್ತಾರೆ. ಅಂಥದರಲ್ಲಿ ಕೊಂಡ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ. ಖಾಲಿ ಜಾಗ ಇದ್ದರೆ ಈಗ 8 ಜಿಬಿಯದನ್ನು ಕೊಂಡು, ಕೈಯಲ್ಲಿ ಹಣವಿದ್ದಾಗ ಇನ್ನೊಂದು 8 ಜಿಬಿ ಹಾಕಿಸಬಹುದು. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಧಾರಣೆ ಜಗತ್ತಿನಾದ್ಯಂತ ಏರಿತು. ಆದ್ದರಿಂದ ಹಳೆಯ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಎರಡು ಮೂರು ಕಡೆ ವಿಚಾರಿಸುವುದು ಲೇಸು.

ಸಂಗ್ರಹದಲ್ಲಿ ಎಸ್‌ಎಸ್‌ಡಿ ಎಂಬುದನ್ನೇ ಕೊಳ್ಳಬೇಕು. ತಿರುಗುವ ತಟ್ಟೆಯ ಹಳೆಯ ಹಾರ್ಡ್‌ಡಿಸ್ಕು ಸೆಕೆಂಡಿಗೆ ಸುಮಾರು 100 ಎಂಬಿ ಓದಿದರೆ ಸಾಧಾರಣ ಎಸ್‌ಎಸ್‌ಡಿ 500 ಎಂಬಿಯಷ್ಟು ಓದುತ್ತದೆ, ಎನ್‌ವಿಎಂಇ ಎಂಬ ಮಾದರಿಯದು ಅದಕ್ಕೂ ಹಲವು ಪಟ್ಟು. ಅಲ್ಲದೆ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವಿಲ್ಲದ್ದರಿಂದ ಜೀಪಿನ ಕುಲುಕಾಟಕ್ಕೆ ಅದು ಹೆದರುವುದಿಲ್ಲ. ಮನೆಯ ಬಳಕೆಗೆ 256 ಜಿಬಿ ನಡೆಯುತ್ತದೆ, 512 ಜಿಬಿ ನೆಮ್ಮದಿ. ಇಎಂಎಂಸಿ ಎಂದು ಬರೆದ 64 ಜಿಬಿಯ ಯಂತ್ರಗಳು ಬಹಳ ಅಗ್ಗಕ್ಕೆ ಸಿಗುತ್ತವೆ. ಆದರೆ ವಿಂಡೋಸ್ ಮತ್ತು ಅದರ ನವೀಕರಣಗಳೇ ಅಲ್ಲಿನ ಬಹುಪಾಲು ಜಾಗವನ್ನು ಹಿಡಿಯುತ್ತವೆ. ಇವುಗಳಿಂದ ದೂರವಿರಿ.

ಹೆಸರಿನ ಮೋಹ ಬೇಡ

ಪ್ರೊಸೆಸರ್ ಎಂಬುದು ಯಂತ್ರದ ದುಡಿಮೆಗಾರ. ಇದರ ಹೆಸರಿನಲ್ಲಿಯೇ ಗ್ರಾಹಕರು ಹೆಚ್ಚಾಗಿ ಮೋಸಹೋಗುತ್ತಾರೆ. "ಐ7" ಎಂದರೆ "ಐ3"ಕ್ಕಿಂತ ಯಾವಾಗಲೂ ಮೇಲು ಎಂಬ ಭಾವನೆ ಸರಿಯಲ್ಲ. ಇಂಟೆಲ್ ಕಂಪೆನಿಯ 2016ರ ಐ7-7500ಯು ಎಂಬುದರಲ್ಲಿ ಇದ್ದದ್ದು 2 ಕೋರ್, ಅಂದರೆ ಇಬ್ಬರು ಕೆಲಸದವರು. 2022ರಲ್ಲಿ ಬಂದ ಐ3-1215ಯು ಎಂಬುದರಲ್ಲಿ 6 ಕೋರ್‌ಗಳಿವೆ. ಗೀಟಿನ ಮುಂದಿನ ಅಂಕಿಯೇ ತಲೆಮಾರನ್ನು ತಿಳಿಸುತ್ತದೆ: 7500 ಎಂದರೆ 7ನೆಯ ತಲೆಮಾರು, 1215 ಎಂದರೆ 12ನೆಯದು. "ಐ7 ಇದೆ, ಅಗ್ಗಕ್ಕೆ ಕೊಡುತ್ತೇವೆ" ಎಂದಾಗ ಈ ಅಂಕಿಯನ್ನು ತೋರಿಸಿ ಎಂದು ಕೇಳುವುದನ್ನು ಮರೆಯಬಾರದು.

ಎಎಂಡಿ ಕಂಪೆನಿಯ ರೈಜನ್ ಸಾಲಿನಲ್ಲಿಯೂ ಇಂಥ ಒಂದು ಗುಟ್ಟಿದೆ. 7000ದ ಸಾಲಿನಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸ ಎಷ್ಟು ಹೊಸದು ಎಂಬುದನ್ನು ಹೇಳುತ್ತದೆ. 7520ಯು ಎಂಬುದರ ಮೂರನೆಯ ಅಂಕಿ 2, ಅದು 2019ರಷ್ಟು ಹಿಂದಿನ ವಿನ್ಯಾಸ, ಮೆಮೊರಿಯೂ ಬೆಸೆದದ್ದು. 7530ಯು ಎಂಬುದರಲ್ಲಿ ಅದು 3, ವಿನ್ಯಾಸ ಒಂದು ಹೆಜ್ಜೆ ಮುಂದಿನದು. ಹೆಸರು ನೋಡಿದರೆ ಅಣ್ಣ ತಮ್ಮಂದಿರಂತೆ ಕಂಡರೂ ದುಡಿಮೆಯಲ್ಲಿ ವ್ಯತ್ಯಾಸವುಂಟು.

ಬರೀ ಪತ್ರ ವ್ಯವಹಾರ, ಧಾರಣೆ ನೋಡುವುದು, ವಿಡಿಯೋ ಇಷ್ಟೇ ಸಾಕೆನ್ನುವ ಮನೆಗೆ 2023ರಲ್ಲಿ ಬಂದ ಎನ್100, ಎನ್200 ಎಂಬ 4 ಕೋರಿನ ಸಣ್ಣ ಪ್ರೊಸೆಸರುಗಳೂ ನಡೆಯುತ್ತವೆ, ಮೆಮೊರಿ 8 ಜಿಬಿ ಇರಬೇಕಷ್ಟೇ. ಪ್ರತ್ಯೇಕ ಗ್ರಾಫಿಕ್ ಕಾರ್ಡು ಬೇಕಾಗಿಲ್ಲ. ಅದು ಆಟಗಳಿಗೆ ಮತ್ತು ಭಾರಿ ಚಿತ್ರ ಸಂಪಾದನೆಗೆ. ಯಕ್ಷಗಾನವನ್ನೋ ಚಲನಚಿತ್ರವನ್ನೋ ತೋರಿಸಲು ಪ್ರೊಸೆಸರಿನೊಳಗೆ ಇರುವುದೇ ಧಾರಾಳ.

ಕಣ್ಣು, ಕಿವಿ, ಬೆರಳು

ಪರದೆಯನ್ನು ಕಾಗದದ ಮೇಲೆ ನೋಡಿ ಕೊಳ್ಳಬಾರದು, ಕಣ್ಣಿನಿಂದ ನೋಡಿ ಕೊಳ್ಳಬೇಕು. 1920 ಅಡ್ಡ, 1080 ಉದ್ದ ಚುಕ್ಕೆಗಳ ಪರದೆ ಇರಲಿ. ಐಪಿಎಸ್ ಎಂಬ ಜಾತಿಯದಾದರೆ ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಟಿಎನ್ ಎಂಬುದು ಕೆಡುತ್ತದೆ. ಪರೀಕ್ಷೆ ಸುಲಭ: ಪರದೆಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ನೋಡಿ. ಚಿತ್ರ ಕಪ್ಪಾದರೆ ಬಿಟ್ಟುಬಿಡಿ. ಮನೆಯವರೆಲ್ಲ ಒಟ್ಟಿಗೆ ಕುಳಿತು ನೋಡುವಾಗ ಇದರ ಬೆಲೆ ತಿಳಿಯುತ್ತದೆ.

ಲೆಕ್ಕ ಬರೆಯುವವರಿಗೆ 15.6 ಇಂಚಿನ ಯಂತ್ರ ಅನುಕೂಲ. ಅವುಗಳಲ್ಲಿ ಹಲವಕ್ಕೆ ಬಲಗಡೆ ಅಂಕಿಗಳ ಪ್ರತ್ಯೇಕ ಕೀಲಿಗಳಿರುತ್ತವೆ. ನಿತ್ಯ ಬಸ್ಸಿನಲ್ಲಿ ಒಯ್ಯುವ ವಿದ್ಯಾರ್ಥಿಗೆ 14 ಇಂಚಿನದು ಹಗುರ. ಧ್ವನಿಯ ವಿಷಯದಲ್ಲಿ ಮಾತ್ರ ಹೆಚ್ಚು ನಿರೀಕ್ಷೆ ಬೇಡ. ಕಡಿಮೆ ಬೆಲೆಯ ಲ್ಯಾಪ್‌ಟಾಪಿನ ಪುಟ್ಟ ಸ್ಪೀಕರಿನಲ್ಲಿ ಮಾತು ಕೇಳಿಸುತ್ತದೆಯೇ ಹೊರತು ಚೆಂಡೆ ಮದ್ದಳೆಯ ನಾದ ಬರುವುದಿಲ್ಲ. ಅದಕ್ಕೆ ಸಾಧಾರಣ ಬೆಲೆಯ ಬೇರೆ ಸ್ಪೀಕರ್ ಜೋಡಿಸುವುದೇ ಜಾಣತನ.

ವಿಂಡೋಸ್ ಮತ್ತು ಕನ್ನಡ

ಕೆಲವು ಯಂತ್ರಗಳು ವಿಂಡೋಸ್ ಇಲ್ಲದೆ "ಡಾಸ್" ಎಂಬ ಹೆಸರಿನಲ್ಲಿ ಕಡಿಮೆ ಬೆಲೆಗೆ ಬರುತ್ತವೆ. ಆಮೇಲೆ ವಿಂಡೋಸಿಗೆ ಕೊಡಬೇಕಾದ ಹಣವನ್ನೂ ಸೇರಿಸಿಯೇ ಬೆಲೆ ಹೋಲಿಸಿ. ಇನ್ನು ಕೆಲವು "ಎಸ್ ಮೋಡ್" ಎಂಬ ಸ್ಥಿತಿಯಲ್ಲಿ ಬರುತ್ತವೆ. ಅದರಲ್ಲಿ ಮೈಕ್ರೋಸಾಫ್ಟ್‌ನ ಸ್ವಂತ ಅಂಗಡಿಯ ತಂತ್ರಾಂಶ ಬಿಟ್ಟು ಹೊರಗಿನದನ್ನು ಹಾಕಿಕೊಳ್ಳಲಾಗುವುದಿಲ್ಲ. ಹಣ ಕೊಡದೆಯೇ ಆ ಸ್ಥಿತಿಯಿಂದ ಹೊರಬರಬಹುದು, ಆದರೆ ಒಮ್ಮೆ ಬಂದರೆ ಮತ್ತೆ ಹಿಂದಕ್ಕೆ ಹೋಗುವಂತಿಲ್ಲ. ಪತ್ರ ಮತ್ತು ಲೆಕ್ಕಕ್ಕೆ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಇರುವುದರಿಂದ, ವರ್ಷ ವರ್ಷ ಹಣ ಕಟ್ಟುವ ತಂತ್ರಾಂಶ ಎಲ್ಲರಿಗೂ ಅಗತ್ಯವಿಲ್ಲ.

ಕನ್ನಡಕ್ಕೆಂದು ಬೇರೆ ಕೀಲಿಮಣೆ ಕೊಳ್ಳಬೇಕಾಗಿಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸದ ಆಧಾರದ ಮೇಲೆಯೇ ಸರ್ಕಾರ ಅಂಗೀಕರಿಸಿದ ವಿನ್ಯಾಸ ನಿಂತಿದೆ. ಗಣಕ ಪರಿಷತ್ತಿನ "ನುಡಿ" ತಂತ್ರಾಂಶದಲ್ಲಿ ಅದು ಸಿಗುತ್ತದೆ. ಸಾಧಾರಣ ಇಂಗ್ಲಿಷ್ ಕೀಲಿಮಣೆಯಲ್ಲಿಯೇ ಕನ್ನಡ ಮೂಡುತ್ತದೆ. ಬರೆಯುವಾಗ ಯೂನಿಕೋಡ್ ಎಂಬುದನ್ನೇ ಆರಿಸಿಕೊಂಡರೆ ನಿಮ್ಮ ಪತ್ರ ಬೇರೆಯವರ ಯಂತ್ರದಲ್ಲಿಯೂ ಕನ್ನಡವಾಗಿಯೇ ತೆರೆಯುತ್ತದೆ.

ಕೈ ಬದಲಾದ ಯಂತ್ರ

ಕಂಪೆನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ದುರಸ್ತಿಯಾಗಿ ಮಾರಾಟಕ್ಕೆ ಬರುತ್ತವೆ. ಲೆನೊವೊದ ಥಿಂಕ್‌ಪ್ಯಾಡ್, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಎಂಬ ಹೆಸರಿನವು ಕಚೇರಿಗಾಗಿ ಕಟ್ಟಿದ ಗಟ್ಟಿ ಯಂತ್ರಗಳು. ಸರಿಯಾಗಿ ನೋಡಿ ಕೊಂಡರೆ ಹೊಸ ಅಗ್ಗದ ಯಂತ್ರಕ್ಕಿಂತ ಇವು ಲಾಭ. ಆದರೆ ಎರಡು ಪರೀಕ್ಷೆ ಆಗಲೇಬೇಕು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಸಾಮಾನ್ಯವಾಗಿ 8ನೆಯ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು. ಅದಕ್ಕಿಂತ ಹಳೆಯದನ್ನು ಬ್ಯಾಂಕಿನ ವ್ಯವಹಾರಕ್ಕಾಗಿ ಕೊಳ್ಳಬೇಡಿ. ಎರಡನೆಯದು ಬ್ಯಾಟರಿ. ಅದರ ವರದಿ ತೆಗೆಯುವ ಏರ್ಪಾಡು ವಿಂಡೋಸಿನಲ್ಲಿಯೇ ಇದೆ. ಹೊಸದಿದ್ದಾಗಿನ ಶಕ್ತಿ ಎಷ್ಟು, ಈಗ ತುಂಬುವುದು ಎಷ್ಟು ಎಂಬ ಎರಡು ಅಂಕಿಗಳನ್ನು ಅಂಗಡಿಯವರಿಂದ ತೆಗೆಸಿ ನೋಡಿ. ಅರ್ಧಕ್ಕಿಳಿದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಮಾತನಾಡಿ.

ಕರೆಂಟು, ಸಿಡಿಲು, ಮಳೆಗಾಲ

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬ ಜಾಹೀರಾತಿನ ಮಾತಿಗಿಂತ ವ್ಯಾಟ್-ಅವರ್ ಎಂಬ ಅಂಕಿಯನ್ನು ನೋಡಿ. 42 ವ್ಯಾಟ್-ಅವರಿನ ಬ್ಯಾಟರಿ, ಯಂತ್ರ 7 ವ್ಯಾಟ್ ಎಳೆಯುವ ಬರವಣಿಗೆಯ ಕೆಲಸದಲ್ಲಿ 6 ಗಂಟೆ ಬರುತ್ತದೆ. 10 ವ್ಯಾಟ್ ಎಳೆದರೆ 4 ಗಂಟೆಯ ಮೇಲೆ ಸ್ವಲ್ಪ. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಇದು ಮುಖ್ಯ. ಚಾರ್ಜರಿನ ಮೇಲೆ 100-240 ವೋಲ್ಟ್ ಎಂದು ಬರೆದಿರುವುದರಿಂದ ವೋಲ್ಟೇಜ್ ಇಳಿದರೆ ಸಾಧಾರಣವಾಗಿ ಚಿಂತೆಯಿಲ್ಲ. ಸಿಡಿಲಿಗೆ ಮಾತ್ರ ಯಾವ ಚಾರ್ಜರೂ ತಡೆಯಾಗದು. ಗುಡುಗು ಕೇಳಿಸುವ ಮೊದಲೇ, ಮೋಡ ಕಟ್ಟುತ್ತಿರುವಾಗಲೇ ಪ್ಲಗ್ಗನ್ನೂ ಇಂಟರ್‌ನೆಟ್ ತಂತಿಯನ್ನೂ ತೆಗೆದಿಡುವ ಅಭ್ಯಾಸವಿರಲಿ.

ಜೂನ್‌ನಿಂದ ಆಗಸ್ಟ್‌ವರೆಗೆ ಲ್ಯಾಪ್‌ಟಾಪನ್ನು ಚೀಲದಲ್ಲಿ ಮುಚ್ಚಿಟ್ಟು ಮರೆಯಬಾರದು. ದಿನವೂ ಸ್ವಲ್ಪ ಹೊತ್ತು ನಡೆಸಿದರೆ ತನ್ನ ಬಿಸಿಯಿಂದಲೇ ಅದು ಒಣಗಿರುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ, ಸುಲಿಯುವ ಕಡೆಯ ಧೂಳು ಇವುಗಳಿಂದ ದೂರವಿಡಿ. ಹಾಸಿಗೆಯ ಮೇಲಿಟ್ಟರೆ ಗಾಳಿಯ ಕಿಂಡಿ ಮುಚ್ಚಿ ಒಳಗೆ ಕಾಯುತ್ತದೆ.

ಅಂಗಡಿಯಲ್ಲಿ

ಲ್ಯಾಪ್‌ಟಾಪಿನ ಮೇಲೆ ಜಿಎಸ್‌ಟಿ ನೂರಕ್ಕೆ 18. ತೆರಿಗೆ ಸೇರಿ 40,000 ರೂಪಾಯಿಯ ಯಂತ್ರದಲ್ಲಿ ಸುಮಾರು 6,100 ರೂಪಾಯಿ ತೆರಿಗೆಯೇ ಆಯಿತು. "ಬಿಲ್ಲು ಬೇಡವೆಂದರೆ ಕಡಿಮೆ ಮಾಡುತ್ತೇವೆ" ಎನ್ನುವ ಮಾತಿಗೆ ಮರುಳಾಗಬೇಡಿ. ಬಿಲ್ಲಿಲ್ಲದಿದ್ದರೆ ವಾರಂಟಿಯ ಹಕ್ಕನ್ನು ಸಾಧಿಸುವುದು ಕಷ್ಟ. ಬಿಲ್ಲಿನಲ್ಲಿ ಯಂತ್ರದ ಕ್ರಮಸಂಖ್ಯೆ ಬರೆದಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಬಡ್ಡಿಯಿಲ್ಲದ ಕಂತು ಎಂದಾಗ ಶುಲ್ಕಗಳೆಷ್ಟು, ನಗದಿಗೆ ಸಿಗುವ ರಿಯಾಯಿತಿ ಎಷ್ಟು ತಪ್ಪುತ್ತದೆ ಎಂಬುದನ್ನು ಕೂಡಿಸಿ ನೋಡಿ.

ಕೊನೆಯದಾಗಿ, ದುರಸ್ತಿ ಎಲ್ಲಿ? ವಾರಂಟಿಯವರು ಮನೆಗೇ ಬರುತ್ತಾರೆಯೇ, ನಾವೇ ಒಯ್ಯಬೇಕೇ, ಒಯ್ಯುವುದಾದರೆ ಯಾವ ಪೇಟೆಗೆ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಬೇಕು. ದೂರದ ನಗರಕ್ಕೆ ಎರಡು ಸಲ ಓಡಾಡಿದರೆ ಬಸ್ಸಿನ ಖರ್ಚು, ಎರಡು ದಿನದ ಕೆಲಸ ಎರಡೂ ಹೋದವು. ಎರಡು ಯಂತ್ರಗಳು ಸಮನಾಗಿ ಕಂಡಾಗ, ದುರಸ್ತಿ ಹತ್ತಿರವಿರುವುದನ್ನೇ ಆರಿಸಿ.

ಒಟ್ಟಿನಲ್ಲಿ 8 ಜಿಬಿ ಮೆಮೊರಿ ಮತ್ತು ಸೇರಿಸಲು ಜಾಗ, 256 ಅಥವಾ 512 ಜಿಬಿ ಎಸ್‌ಎಸ್‌ಡಿ, ಹೊಸ ತಲೆಮಾರಿನ ಸಾಧಾರಣ ಪ್ರೊಸೆಸರ್, ಕಣ್ಣಿಗೆ ಹಿತವಾದ ಪರದೆ, ಪಕ್ಕಾ ಬಿಲ್ಲು, ಹತ್ತಿರದ ದುರಸ್ತಿ, ಈ ಆರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಪೇಟೆಗೆ ಹೋಗಿ. ಚೀಟಿಯಲ್ಲಿಲ್ಲದ ಗುಣಗಳನ್ನು ಅಂಗಡಿಯವರು ಎಷ್ಟೇ ಹೊಗಳಿದರೂ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ. ಮನೆಗೆ ತಂದ ಮೇಲೆ ಲೆಕ್ಕದ ಕಡತಗಳ ಒಂದು ಪ್ರತಿಯನ್ನು ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ತೆಗೆದಿಡಿ. ಕೆಟ್ಟುಹೋದ ಯಂತ್ರದ ಬದಲು ಇನ್ನೊಂದನ್ನು ಕೊಳ್ಳಬಹುದು, ಕಳೆದುಹೋದ ವರ್ಷದ ಲೆಕ್ಕವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು.